ನಲವತ್ತೆಂಟು ಬಾಟಲಿ ಹಿಮ

ಹಿಮಾಚಲದ ಶಿಬಿರ
29 ಡಿಸೆಂಬರ್ 1986, ಸೋಮವಾರ

ಪ್ರೀತಿಯ ಅವ್ವ,

ನಿನ್ನ ಮಗಳು ಸರ್ವಮಂಗಳಾ ಗಟ್ಟಿಮುಟ್ಟಾಗಿದ್ದಾಳೆ. ಮೂಗು, ಕಿವಿ, ಹತ್ತು ಬೆರಳು ಎಲ್ಲ ಇದ್ದ ಜಾಗದಲ್ಲೇ ಇವೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಕಾಗದವನ್ನು ಕೊನೆಯಿಂದ ಓದಲು ಶುರುಮಾಡುತ್ತೀಯ. ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆಂದು ಅಪಶಕುನ ಅಂದುಕೊಳ್ಳಬೇಡ. ಇಲ್ಲಿನ ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ.

ಇಡೀ ದಿನ ಅಲ್ಲಿ ಏನು ಮಾಡುತ್ತೀಯ, ಹಿಮ ಬಾಚಿ ಬಾಟಲಿಗೆ ತುಂಬುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ಕೇಳಿದ್ದೀಯ. ಕೊಡುತ್ತದೆ. ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಮೊದಲ ಕೆಲಸ ಹಾಸಿಗೆಯೊಳಗಿನಿಂದ ಬ್ಯಾಟರಿಯನ್ನು ಎತ್ತಿಕೊಳ್ಳುವುದು. ಹೊರಗಿಟ್ಟರೆ ಚಳಿಗೆ ಸತ್ತುಹೋಗುತ್ತದೆಂದು ಅದನ್ನು ಕಂಬಳಿಯೊಳಗೆ ಕಾಲ ಬಳಿ ಮಲಗಿಸಿಕೊಳ್ಳುತ್ತೇನೆ. ಆಮೇಲೆ ಎರಡು ಜೊತೆ ಉಲ್ಲನ್ ಕಾಲುಚೀಲ, ಎರಡು ಸ್ವೆಟರು, ಅಪ್ಪಾಜಿಯ ಹಳೆಯ ಮಫ್ಲರು, ಎಲ್ಲದರ ಮೇಲೆ ಒಗೆದು ಮಡಿಸಿದ ಬಿಳಿ ಹತ್ತಿಯ ಕೋಟು. ಸ್ವೆಟರಿನ ಒಂದು ಎಳೆಯೂ ಹಿಮದ ಮೇಲೆ ಬೀಳಕೂಡದು.

ನಾವಿರುವುದು ಕೊನೆಯ ಹಳ್ಳಿಗಿಂತ ಒಂದು ಗಂಟೆ ಮೇಲೆ, ಎರಡು ಕೋಣೆಯ ಕಲ್ಲಿನ ಮನೆಯಲ್ಲಿ. ಒಂದು ಕೋಣೆಯಲ್ಲಿ ನಾನು ಮತ್ತು ಹಿಮದ ಆಳ ಅಳೆಯುವ ಒಬ್ಬ ಬಂಗಾಳಿ ಹುಡುಗಿ. ಇನ್ನೊಂದರಲ್ಲಿ ನಮ್ಮ ಅಟೆಂಡರ್ ಚಿಕ್ಕಸ್ವಾಮಿ ಮತ್ತು ಸ್ಟೌ. ಮನೆಯಿಂದ, ಗಾಳಿ ಬೀಸಿ ಬರುವ ಕಡೆಗೆ ಮುಖಮಾಡಿ ನಾನೂರು ಹೆಜ್ಜೆ ನಡೆದರೆ ಕೆಂಪು ಬಾವುಟ ನೆಟ್ಟ ಜಾಗ. ಅಲ್ಲಿಂದ ಮುಂದಿನ ಇಪ್ಪತ್ತು ಹೆಜ್ಜೆ ನನಗೊಬ್ಬಳಿಗೇ. ಪ್ಲಾಸ್ಟಿಕ್ ಸೌಟಿನಿಂದ ಮೇಲಿನ ಎರಡು ಬೆರಳು ದಪ್ಪದ ಹೊಸ ಹಿಮವನ್ನು ಬಾಚಿ ಬಾಟಲಿಗೆ ತುಂಬುತ್ತೇನೆ. ದಿನಕ್ಕೊಂದು ಬಾಟಲಿ. ಆಮೇಲೆ ಗಾಳಿ. ಅದಕ್ಕೆ ಒಳಗಿನ ಗಾಳಿಯನ್ನೆಲ್ಲ ತೆಗೆದುಹಾಕಿದ ಗಾಜಿನ ಬುರುಡೆ ಇದೆ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಉಸಿರು ಕಟ್ಟಿ, ತಿರುಪು ಬಿಚ್ಚಿದರೆ ಹಿಸ್ ಎಂದು ಗಾಳಿ ಒಳಗೆ ಹೋಗುತ್ತದೆ. ತಿರುಪು ಮುಚ್ಚುವವರೆಗೂ ಉಸಿರು ಬಿಡುವ ಹಾಗಿಲ್ಲ, ಬಿಟ್ಟರೆ ನನ್ನ ಉಸಿರೇ ಬುರುಡೆ ಸೇರುತ್ತದೆ. ಮೂವತ್ತು ಎಣಿಸುವಷ್ಟು ಹೊತ್ತು. ಕಪಿಲೆಯಲ್ಲಿ ಮುಳುಗು ಹಾಕಿ ಕಲಿತದ್ದು ಈಗ ಕೆಲಸಕ್ಕೆ ಬಂತು.

ಮುಂದಿನ ಬೀದಿಯ ಲಕ್ಷ್ಮೀದೇವಮ್ಮನವರ ಮಡಿಯನ್ನು ನಾವಿಬ್ಬರೂ ಸೇರಿ ಎಷ್ಟು ಆಡಿಕೊಂಡಿದ್ದೇವೆ. ಈಗ ನನ್ನ ಮಡಿ ನೋಡಿದರೆ ಅವರೇ ಕೈಮುಗಿದಾರು. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ. ಇದರ ಜೊತೆಗೇ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬೈಯಬೇಡ. ಹೊರಡುವಾಗ ನೀನು ಕೊಟ್ಟ ವಿಭೂತಿ ಗಟ್ಟಿಯನ್ನು ಬೆಂಗಳೂರಿನ ರೂಮಿನಲ್ಲೇ ಬಿಟ್ಟು ಬಂದೆ. ಇಲ್ಲಿ ಬೂದಿ ಎನ್ನುವುದು ಹೆಸರಿಗೂ ಇರಬಾರದು. ಬರಿ ಹಣೆಯಲ್ಲೇ ಶಿವನಿಗೆ ನಮಸ್ಕಾರ ಮಾಡುತ್ತೇನೆ.

ಹೀಗೆ ಹೇಳಿದರೆ ಕಷ್ಟದಂತೆ ಕಾಣುತ್ತದೆ. ನಿಜ ಹೇಳಲೇ? ನಾನು ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ. ಬಾವುಟದ ಆಚೆ ನಿಂತು ಬುರುಡೆಯ ತಿರುಪು ಮುಚ್ಚಿ ಉಸಿರು ಬಿಡುವಾಗ, ಎದುರಿನ ಬೆಟ್ಟದ ತುದಿಗೆ ಬಿಸಿಲು ಬಂದಿರುತ್ತದೆ. ಇಲ್ಲಿನ ಹಿಮ, ಗಾಳಿಯಲ್ಲಿ ಏನೇನು ಬೆರೆತಿದೆಯೆಂದು ಇದುವರೆಗೆ ಯಾರೂ ಅಳೆಯದೇ ಇದ್ದುದನ್ನು ನಾನು ಅಳೆಯುತ್ತಿದ್ದೇನೆ ಎಂಬ ಜಂಬವೂ ಸ್ವಲ್ಪ ಇದೆ.

ಇರುವುದು ಒಂದೇ ತಲೆನೋವು. ಮಧ್ಯಾಹ್ನ ಬಾಟಲಿಯ ಹಿಮ ಕರಗಿದ ಮೇಲೆ ಅದರಿಂದ ಸ್ವಲ್ಪ ನೀರು ತೆಗೆದು ಒಂದು ಮಾಪಕದಲ್ಲಿ ಇಡುತ್ತೇನೆ. ನೀರಿನಲ್ಲಿ ಉಪ್ಪು, ಬೂದಿ ಏನಾದರೂ ಕರಗಿದ್ದರೆ ಅದರ ಮುಳ್ಳು ಮೇಲೇರುತ್ತದೆ. ಇಂಥ ಎತ್ತರದ ಹಿಮಕ್ಕೆ ಮುಳ್ಳು ಐದಾರು ಗೆರೆ ಏರಿದರೆ ಹೆಚ್ಚು. ನನಗೆ ಮೊದಲ ದಿನದಿಂದಲೂ ಮೂವತ್ತರ ಮೇಲೇ ಬರುತ್ತಿದೆ. ಮೊದಮೊದಲು ಕೆಳಗಿನ ಬಯಲಿನ ಧೂಳು ಇಷ್ಟೆತ್ತರಕ್ಕೆ ಬರುತ್ತಿದೆಯೆಂದು ಕುಣಿದೆ. ಆದರೆ ಹಿಮ ಬಿದ್ದ ದಿನವೂ ಅಷ್ಟೇ, ಬೀಳದ ದಿನವೂ ಅಷ್ಟೇ. ಲಿಟ್ಮಸ್ ಕಾಗದ ಅದ್ದಿದರೆ ಕ್ಷಾರವಿರುವಂತೆ ನೀಲಿಯಾಗುತ್ತದೆ. ಅಂದರೆ ಬೂದಿ. ನಮ್ಮದು ಸೀಮೆಎಣ್ಣೆ ಸ್ಟೌ, ಇಲ್ಲಿ ಸೌದೆಯೇ ಇಲ್ಲ. ಬೂದಿ ಬರಬೇಕಾದರೆ ಒಂದೇ ಕಡೆಯಿಂದ.

ಚಿಕ್ಕಸ್ವಾಮಿ ಸೋಸಲೆಯವನು, ನಮ್ಮ ಕಡೆಯವನೇ ಎಂದು ಹಿಂದೆ ಬರೆದಿದ್ದೆನಲ್ಲ. ಐವತ್ತರ ಮೇಲಾಗಿದೆ. ಬೆಂಗಳೂರಿನಲ್ಲಿ ಕಟ್ಟುಗಟ್ಟಲೆ ಬೀಡಿ ಸೇದುತ್ತಿದ್ದ. ಇಲ್ಲಿಗೆ ಬರುವ ಮೊದಲೇ ಷರತ್ತು ಹಾಕಿದ್ದೆ, ಶಿಬಿರದಲ್ಲಿ ಬೀಡಿ ಹಚ್ಚಕೂಡದು ಎಂದು. ಹೂಂ ಅಂದಿದ್ದ. ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆದು, ಹೊರಗಿನ ಚೀಲ ಬಿಚ್ಚಿ ಸಿದ್ಧಮಾಡಿಡುವುದು ಅವನೇ. ಹೋದ ವಾರ ಅವನ ಕೋಟಿನಿಂದ ಬೀಡಿಯ ವಾಸನೆ ಬಂತು. ಜೇಬಿಗೆ ಕೈಹಾಕಿದರೆ ಅರ್ಧ ಕಟ್ಟು ಸಿಕ್ಕಿತು. "ಅಚ್ಚಿಲ್ಲ ಅಮ್ಮಾವ್ರೇ, ನಂಜುಂಡಪ್ಪನಾಣೆ" ಅಂದ. ಆಣೆಯನ್ನು ಮಾಪಕ ನಂಬುವುದಿಲ್ಲವಲ್ಲ. ಅವತ್ತಿನಿಂದ ಅವನನ್ನು ಬಾವುಟದ ಕಡೆಗೆ ಬರಗೊಡುತ್ತಿಲ್ಲ, ಸಾಮಾನನ್ನೆಲ್ಲ ನಾನೇ ಹೊರುತ್ತೇನೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಾನೆ.

ಜನವರಿ ಹದಿನಾರಕ್ಕೆ ನಮ್ಮ ಮುಖ್ಯಸ್ಥರು ಗೋಪಾಲಕೃಷ್ಣ ಮೇಲೆ ಬರುತ್ತಾರೆ. ಚಿಕ್ಕಸ್ವಾಮಿ ಹನ್ನೊಂದು ವರ್ಷದಿಂದ ದಿನಗೂಲಿ. ಈ ಸಲ ಅವನನ್ನು ಖಾಯಂ ಮಾಡುವ ಕಾಗದ ತರುತ್ತಾರಂತೆ. ಅದರಲ್ಲಿ ನಾನು ಒಂದು ಸಾಲು ಬರೆಯಬೇಕು, ಕೆಲಸದಲ್ಲಿ ನಂಬಬಹುದೇ ಇಲ್ಲವೇ ಎಂದು. ನಂಬಲಾಗದು ಎಂದೇ ಬರೆಯಬೇಕಾಗಿದೆ. ನೋಟ್ ಪುಸ್ತಕದಲ್ಲಿ ಆ ಸಾಲನ್ನು ಬರೆದೂ ಇಟ್ಟಿದ್ದೇನೆ. ಬೇಜಾರಾಗುತ್ತದೆ ಅವ್ವ, ಆದರೆ ಇಪ್ಪತ್ತೇಳು ದಿನದ ಹಿಮ ಹಾಳಾಗಿದೆ.

ಅಪ್ಪಾಜಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು,
ಸರ್ವಮಂಗಳಾ

ತಾ.ಕ.: ವಿಭೂತಿಯ ವಿಷಯ ಅಪ್ಪಾಜಿಗೆ ಹೇಳಬೇಡ.

* * *

ನಂಜನಗೂಡು
10 ಜನವರಿ 1987, ಶನಿವಾರ ಸಂಜೆ

ಚಿರಂಜೀವಿ ಸರ್ವಮಂಗಳಾಳಿಗೆ ನಿನ್ನ ಅವ್ವ ಮಲ್ಲಾಜಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನೊಬ್ಬಳನ್ನು ಬಿಟ್ಟು. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನನ್ನ ತಂತಿ ಸೇರಿರುತ್ತದೆ, ಸೇರಲಿ ಎಂದು ಮಧ್ಯಾಹ್ನದಿಂದ ನಂಜುಂಡೇಶ್ವರನ ಬೆನ್ನು ಹತ್ತಿದ್ದೇನೆ. ಮೊದಲು ಊರಿನ ಸಮಾಚಾರ ನಾಲ್ಕು ಸಾಲು ಬರೆದು ಆಮೇಲೆ ವಿಷಯಕ್ಕೆ ಬರೋಣವೆಂದಿದ್ದೆ. ಬೇಡ. ಹಾಗೆ ಸುತ್ತಿ ಬಳಸಿದರೆ ನನಗೆ ಧೈರ್ಯ ಹೋಗುತ್ತದೆ.

ನಿನ್ನ ಬಾಟಲಿಗಳಲ್ಲಿರುವ ಬೂದಿ ನಾನು ಹಾಕಿದ್ದು.

ಆಯುಧಪೂಜೆಯ ದಿನ ನೆನಪಿದೆಯಾ? ನೀನು ಹಿಮಾಚಲಕ್ಕೆ ಹೊರಡುವ ಮೊದಲು ಎರಡು ತಗಡಿನ ಪೆಟ್ಟಿಗೆಗಳ ಸಮೇತ ಮನೆಗೆ ಬಂದಿದ್ದೆ. ಅವತ್ತು ಬೆಳಿಗ್ಗೆ ನಿನ್ನ ಗೆಳತಿಯನ್ನು ನೋಡಲು ಹುಲ್ಲಹಳ್ಳಿಗೆ ಹೋದೆ. ಇಲ್ಲಿ ಅಪ್ಪಾಜಿಯ ಬೆಲ್ಲದ ಮಂಡಿಯ ತಕ್ಕಡಿಗೆ ಪೂಜೆ ಆಯಿತು, ಸೈಕಲ್ಲಿಗೆ ಆಯಿತು, ನನ್ನ ಈಳಿಗೆಮಣೆಗೆ, ಒನಕೆಗೆ ಸಹ ಆಯಿತು. ನಡುಮನೆಯಲ್ಲಿ ನಿನ್ನ ಪೆಟ್ಟಿಗೆಗಳು ಯಾರೂ ಕೇಳುವವರಿಲ್ಲದೆ ಕುಳಿತಿದ್ದವು. ಮನೆಮಂದಿಯ ಆಯುಧಕ್ಕೆಲ್ಲ ಪೂಜೆಯಾಗಿ ನನ್ನ ಮಗಳ ಆಯುಧಕ್ಕೆ ಇಲ್ಲವೆಂದರೆ ಹೇಗೆ? ಮುಟ್ಟಬೇಡ ಎಂದು ನೀನು ಮೂರು ಸಲ ಹೇಳಿದ್ದೆ. ಮೂರು ಸಲವೂ ನಾನು ಹೂಂ ಅಂದಿದ್ದೆ.

ಒಂದು ಪೆಟ್ಟಿಗೆಗೆ ನೀನು ಬೀಗ ಹಾಕಿದ್ದೆ. ಇನ್ನೊಂದು ಬರೀ ಚಿಲಕ. ಅದನ್ನು ತೆರೆದು ನಲವತ್ತೆಂಟು ಬಾಟಲಿಗಳನ್ನೂ ಒಂದೊಂದಾಗಿ ತೆಗೆದು, ನೀನು ಕಟ್ಟಿದ್ದ ಎರಡೆರಡು ಚೀಲ ಬಿಚ್ಚಿ, ಒಂದೊಂದಕ್ಕೂ ಮೂರೆಳೆ ವಿಭೂತಿ ಎಳೆದೆ. ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಟಲಿ ಅಲ್ಲಾಡಿಸಿ ನೋಡಿದೆ, ಖಾಲಿ. ನಮ್ಮ ಮನೆಯಿಂದ ಖಾಲಿ ಪಾತ್ರೆ ಹೊರಗೆ ಹೋದದ್ದು ನೀನು ಕಂಡಿದ್ದೀಯಾ? ಪಕ್ಕದ ಮನೆಯವರು ಸಾರು ಕೊಟ್ಟ ಪಾತ್ರೆಯನ್ನು ವಾಪಸು ಕೊಡುವಾಗಲೂ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತೇವೆ. ಮಗಳು ಅಷ್ಟು ದೂರ ಹೋಗುತ್ತಾಳೆ, ನಲವತ್ತೆಂಟು ಖಾಲಿ ಬಾಟಲಿ ಹೊತ್ತುಕೊಂಡು ಹೋಗುತ್ತಾಳೆ ಎಂದರೆ ನನ್ನ ಮನಸ್ಸು ಒಪ್ಪಲಿಲ್ಲ. ಸಕ್ಕರೆ ಹಾಕಿದರೆ ಇರುವೆ, ಅಕ್ಕಿ ಹಾಕಿದರೆ ನಿನಗೆ ಗೊತ್ತಾಗುತ್ತದೆ. ಅದಕ್ಕೇ ಊದಿನಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟೇ ವಿಭೂತಿ, ಒಂದೊಂದರ ಒಳಗೂ ಹಾಕಿ ಬಿರಟೆ ಮುಚ್ಚಿದೆ. ನೀನು ಕಟ್ಟಿದ ಹಾಗೆಯೇ ಚೀಲ ಕಟ್ಟಿದೆ. ನೀನು ವಿಭೂತಿ ಬೆಂಗಳೂರಿನಲ್ಲಿ ಬಿಟ್ಟು ಹೋದೆಯಂತೆ. ಅದು ನಿನ್ನ ಜೊತೆಯಲ್ಲೇ ಬಂದಿತ್ತು ಕಣೇ.

ಗುರುವಾರ ನಿನ್ನ ಕಾಗದ ಬಂತು. ಬೂದಿ ಎಂಬ ಮಾತು ಬಂದ ಕಡೆಯೇ ನನಗೆ ಎಲ್ಲ ತಿಳಿದುಹೋಯಿತು. ಆಮೇಲೆ ನಿಮ್ಮವ್ವ ಮಾಡಿದ ಕೆಲಸ ಕೇಳು. ಬೀಡಿಯೇ ಆಗಿರಲಿ ದೇವರೇ, ಬೀಡಿಯದೇ ಬೂದಿ ಆಗಿರಲಿ ಎಂದು ಬೇಡಿಕೊಂಡೆ. ಆ ಮನುಷ್ಯ ಬೀಡಿ ಸೇದುವುದು ಖಾತ್ರಿಯಾದರೆ ನಾನು ಬಾಯಿ ಬಿಡಬೇಕಾಗಿಲ್ಲವಲ್ಲ ಎಂಬ ಆಸೆ. ಖಾತ್ರಿ ಮಾಡಿಕೊಳ್ಳೋಣವೆಂದು, ಸೋಸಲೆಯ ಮಠಕ್ಕೆ ಹೋಗುವ ಜಾನಕಮ್ಮನ ಜೊತೆ ಹೋಗಿಬರುತ್ತೇನೆಂದು ಅಪ್ಪಾಜಿಗೆ ಸುಳ್ಳು ಹೇಳಿ ಇವತ್ತು ಬೆಳಿಗ್ಗೆ ಒಬ್ಬಳೇ ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಸೋಸಲೆಗೆ ಇನ್ನೊಂದು ಬಸ್ಸು. ಲ್ಯಾಬಿನಲ್ಲಿರುವ ಚಿಕ್ಕಸ್ವಾಮಿಯ ಮನೆ ಎಂದರೆ ಟೀ ಅಂಗಡಿಯವನೇ ಕೈತೋರಿಸಿದ.

ಹೆಂಡತಿಯ ಹೆಸರು ಪುಟ್ಟಮಾದಮ್ಮ. ಜಗಲಿಯಲ್ಲಿ ಕುಳಿತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಳು. ನಿನ್ನ ಹೆಸರು ಹೇಳುತ್ತಿದ್ದ ಹಾಗೇ ಎದ್ದು ಚಾಪೆ ಹಾಸಿದಳು. ಸುಮ್ಮನೆ ಕೂತರೆ ಮುಖ ಕಾಣುತ್ತದೆಂದು ನಾನೂ ಅವರೆಕಾಳು ಹಿದುಕತೊಡಗಿದೆ. ಅದೂ ಇದೂ ಮಾತಾಡಿ, ಆ ಚಳಿಯಲ್ಲಿ ನಿಮ್ಮವರಿಗೆ ಬೀಡಿಯಾದರೂ ಬೇಕಲ್ಲವೇನಮ್ಮ ಎಂದೆ. ನನ್ನ ಸಣ್ಣ ಬುದ್ಧಿ ನೋಡು.

ಅವಳು ನಕ್ಕಳು. "ಬೀಡಿ ಬುಟ್ಟು ತಿಂಗ್ಳ್ ಮ್ಯಾಲಾಯ್ತು ಕಣ್ರವ್ವ. ನಾನ್ ಇಪ್ಪತ್ತೈದ್ ವರ್ಸ ಬಡ್ಕಂಡ್ರೂ ಬುಡ್ದೇ ಇದ್ದೋರು, ಆ ಬಾಟ್ಲಿಗೋಸ್ಕರ ಬುಟ್ರು" ಅಂದಳು. ಒಳಗಿನಿಂದ ಕಾಗದ ತಂದು ಕೈಗೆ ಕೊಟ್ಟಳು. ಅವಳಿಗೆ ಓದು ಬರುವುದಿಲ್ಲ. ಪಕ್ಕದ ಮನೆಯವರು ಒಂದು ಸಲ ಓದಿ ಹೇಳಿದ್ದಾರಂತೆ, ಇನ್ನೊಂದು ಸಲ ಕೇಳುವ ಆಸೆಯಂತೆ. ಅದನ್ನು ನನ್ನ ಬಾಯಿಂದಲೇ ಓದಬೇಕಾಯಿತು ಮಂಗಳಾ. ದೊಡ್ಡ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಅಮ್ಮಾವ್ರು ಕೈ ಮರಗಟ್ಟುಸ್ಕಂಡು, ಉಸ್ರು ಕಟ್ಕಂಡು ಗಾಳಿ ಇಡೀತಾರೆ. ನನ್ನ ಒಂದು ಬೀಡಿಯಿಂದ ಅದು ಕೆಡಬಾರದು ಅಂತ ಬುಟ್ಟೆ. ಬಾಯಿ ಸುಮ್ಕಿರದೆ ಓದ್ರೆ ಅಚ್ಚದೆ ಇರೋ ಬೀಡೀನೆ ಕಚ್ಕಂಡು ಕುಂತಿರ್ತೀನಿ."

ಅವರ ಜೇಬಿನಲ್ಲಿ ನಿನಗೆ ಸಿಕ್ಕಿದ್ದು ಅದೇ ಬೀಡಿ. ಅವರೆಕಾಳಿನ ಬಟ್ಟಲನ್ನು ಕೆಳಗಿಟ್ಟು ನಾನು ಅತ್ತುಬಿಟ್ಟೆ. ಮಗಳ ನೆನಪಾಯಿತೆಂದು ಹೇಳಿದೆ. ಅದನ್ನು ನಂಬಿ ಆ ಹೆಂಗಸು ನನಗೆ ಬೆಲ್ಲದ ಕಾಫಿ ಮಾಡಿ ಕುಡಿಸಿದಳು.

ಕಾಗದ ಹಾಕಿದರೆ ಹದಿನಾರನೆಯ ತಾರೀಕಿಗೆ ನಿನಗೆ ಸೇರುವುದಿಲ್ಲ. ವಾಪಸು ಬರುವಾಗ ಟಿ. ನರಸೀಪುರದ ಅಂಚೆ ಕಚೇರಿಗೆ ಹೋಗಿ ತಂತಿ ಕೊಡಬೇಕೆಂದೆ. 'ಬೂದಿ ನನ್ನದು' ಎಂದು ಬರೆದುಕೊಟ್ಟೆ. ಅಲ್ಲಿ ಬದರೀನಾರಾಯಣ ಎಂಬ ವಯಸ್ಸಾದ ಗುಮಾಸ್ತರಿದ್ದಾರೆ. ಓದಿ ಕನ್ನಡಕ ತೆಗೆದರು. "ಅಲ್ಲಮ್ಮಾ, ಬೂದಿ ಗೀದಿ ಅಂತ ತಂತಿ ಹೋದ್ರೆ ಅಲ್ಲಿ ಮಗು ಎದೆ ಒಡ್ಕೊಳ್ಳೋದಿಲ್ವೇ? ಯಾರು ಹೋದ್ರು ಅಂದ್ಕೊಂಡಾಳು" ಅಂದರು. ಅವರಿಗೆ ಪೂರಾ ಕಥೆ ಹೇಳಿದೆ. ಅವರು ನಗಲಿಲ್ಲ, ಅದು ನನಗೆ ದೊಡ್ಡ ಉಪಕಾರವಾಯಿತು. ಇಬ್ಬರೂ ಕೂತು ಅಳೆದು ಸುರಿದು ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆವು: ಬೀಡಿ ಅಲ್ಲ ವಿಭೂತಿ ತಪ್ಪು ನನ್ನದು ಅವ್ವ.

ನಿನ್ನ ಇಪ್ಪತ್ತೇಳು ದಿನದ ಕೆಲಸ ಹಾಳುಮಾಡಿದೆ. ಮೂವತ್ತು ಎಣಿಸುವವರೆಗೆ ಉಸಿರು ಕಟ್ಟುವ ಮಗಳ ಕೆಲಸವನ್ನು ಒಂದು ಊದಿನಕಡ್ಡಿಯಿಂದ ಹಾಳುಮಾಡಿದೆ. ನಿನಗೆ ಎಷ್ಟು ಕೋಪ ಬರುತ್ತದೋ ಅಷ್ಟನ್ನೂ ಬರೆದು ಕಳಿಸು, ಓದಿಕೊಳ್ಳುತ್ತೇನೆ. ಆದರೆ ಆ ಸಾಲನ್ನು ಮಾತ್ರ ಬರೆಯಬೇಡ. ಬರೆದಿದ್ದರೆ ಅಳಿಸು, ಅಳಿಸಲಾಗದಿದ್ದರೆ ನಾನೇ ಬೆಂಗಳೂರಿಗೆ ಹೋಗಿ ನಿಮ್ಮ ಗೋಪಾಲಕೃಷ್ಣನವರ ಮುಂದೆ ನಿಲ್ಲುತ್ತೇನೆ. ಇನ್ನೊಂದು ಮಾತು. ಐವತ್ತು ದಾಟಿದವರನ್ನು ಕಾಗದದ ತುಂಬ 'ಅವನು, ಅವನು' ಎಂದು ಬರೆದಿದ್ದೀಯ. ಓದುವಾಗ ನನಗೂ ಅದು ತಪ್ಪೆನಿಸಿರಲಿಲ್ಲ. ಸೋಸಲೆಗೆ ಹೋಗಿ ಬಂದ ಮೇಲೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಇಂತು ನಿನ್ನ ಅವ್ವ,
ಮಲ್ಲಾಜಮ್ಮ

ತಾ.ಕ.: ನಾನು ಹೋದ ನಿಜವಾದ ಕಾರಣವನ್ನು ಪುಟ್ಟಮಾದಮ್ಮನಿಗೆ ಹೇಳಲಿಲ್ಲ. ಎಳ್ಳು ಬೀರಲು ಬಂದೆ ಎಂದೆ. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇದೆ. ಇಷ್ಟು ಬೇಗ ಯಾಕೆ ಎಂದು ಅವಳು ಕೇಳಲಿಲ್ಲ, ಕೊಟ್ಟ ಎಳ್ಳುಬೆಲ್ಲವನ್ನು ಸೆರಗೊಡ್ಡಿ ಇಸಿದುಕೊಂಡಳು.

* * *

ಹಿಮಾಚಲದ ಶಿಬಿರ
24 ಜನವರಿ 1987, ಶನಿವಾರ

ಪ್ರೀತಿಯ ಅವ್ವ,

ನಿನ್ನ ತಂತಿ ಹದಿಮೂರಕ್ಕೆ ಬಂತು, ಕಾಗದ ಮೊನ್ನೆ ಬಂತು. ಎರಡಕ್ಕೂ ಸೇರಿಸಿ ಇದು ಉತ್ತರ. ಕೋಪವನ್ನೆಲ್ಲ ಬರೆದು ಕಳಿಸು ಎಂದಿದ್ದೀಯ. ಬಂದಿತ್ತು, ನಿಜ. ಒಂದು ಇಡೀ ಮಧ್ಯಾಹ್ನ ಇತ್ತು. ಅದರಲ್ಲಿ ನಿನ್ನ ಪಾಲಿಗಿಂತ ನನ್ನ ಪಾಲೇ ಹೆಚ್ಚು ಎಂದು ಸಂಜೆಯ ಹೊತ್ತಿಗೆ ಗೊತ್ತಾಯಿತು.

ತಂತಿಯನ್ನು ಕೆಳಗಿನ ಹಳ್ಳಿಯ ಪೋಸ್ಟ್ ಮಾಸ್ತರರು ತಾವೇ ಹೊತ್ತು ತಂದರು. ಅದರಲ್ಲಿ ಅವರಿಗೆ ಅರ್ಥವಾದದ್ದು ವಿಭೂತಿ ಒಂದೇ. ಅವರ ಕಡೆ ಅದು ಗಂಡಸರ ಹೆಸರು. ಈ ವಿಭೂತಿಯವರು ಯಾರು, ವರನೇ ಎಂದು ಕೇಳಿದರು. ನನಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಆಯುಧಪೂಜೆಯ ದಿನ ನಾನು ಹುಲ್ಲಹಳ್ಳಿಯಿಂದ ಬಂದಾಗ, ಕಣ್ಣು ತಪ್ಪಿಸಿ ಒಬ್ಬಟ್ಟಿಗೆ ಎರಡೆರಡು ಸಲ ತುಪ್ಪ ಬಡಿಸಿದ ನಿನ್ನ ಮುಖ ಕಣ್ಣಮುಂದೆ ಬಂತು.

ಚಿಲಕದ ಪೆಟ್ಟಿಗೆಯಲ್ಲಿ ಇನ್ನೂ ಬಳಸದ ಕೆಲವು ಬಾಟಲಿಗಳು ಉಳಿದಿದ್ದವು. ಒಂದನ್ನು ತೆಗೆದು, ಹಿಮವನ್ನೇ ಹಾಕದೆ, ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ಹಾಕಿ ಅಲ್ಲಾಡಿಸಿ ಮಾಪಕದಲ್ಲಿಟ್ಟೆ. ಮುಳ್ಳು ಮೂವತ್ತು ದಾಟಿತು. ಬೀಗದ ಪೆಟ್ಟಿಗೆಯ ಬಾಟಲಿಗೂ ಹಾಗೆಯೇ ಮಾಡಿದೆ. ಮುಳ್ಳು ಅಲುಗಲೇ ಇಲ್ಲ. ಅವ್ವ, ಇದು ನಾವು ಕಾಲೇಜಿನಲ್ಲಿ ಕಲಿಯುವ ಮೊದಲ ಪಾಠ. ಏನಾದರೂ ತಪ್ಪು ಕಂಡರೆ ಮೊದಲು ನಿನ್ನ ಖಾಲಿ ಪಾತ್ರೆಯನ್ನು ಪರೀಕ್ಷಿಸು ಎಂದು. ಐದು ನಿಮಿಷದ ಕೆಲಸ. ಆರು ವಾರವಾದರೂ ಮಾಡಿರಲಿಲ್ಲ. ಬೀಡಿಯ ವಾಸನೆ ಬಂದ ಕೂಡಲೇ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ನೀನು ಊದಿನಕಡ್ಡಿಯಿಂದ ಮಾಡಿದ ತಪ್ಪನ್ನು ನಾನು ಎರಡು ಡಿಗ್ರಿ ಇಟ್ಟುಕೊಂಡು ಮುಂದುವರಿಸಿದೆ.

ಗೋಪಾಲಕೃಷ್ಣ ಅವರು ಹದಿನಾರಕ್ಕೆ ಬಂದರು. ಕೂತ ಕೂಡಲೇ ಎಲ್ಲ ಹೇಳಿದೆ. ರಿಜಿಸ್ಟರಿನಲ್ಲಿ ನಿಜವಾದ ಕಾರಣ ಬರೆಯಲೇಬೇಕು ಎಂದರು. ಬರೆದೆ: ಒಂದರಿಂದ ನಲವತ್ತೆಂಟರವರೆಗಿನ ಬಾಟಲಿಗಳು ಹೊರಡುವ ಮೊದಲೇ ಮನೆಯಲ್ಲಿ ಪೂಜೆಯ ವಿಭೂತಿಯಿಂದ ಕಲುಷಿತವಾಗಿದ್ದವು, ಅದನ್ನು ಪರೀಕ್ಷಿಸದೆ ಬಳಸಿದ್ದು ನನ್ನ ತಪ್ಪು. ಅದನ್ನು ಬರೆಯುವಾಗ ಕಿವಿಯೆಲ್ಲ ಬಿಸಿಯಾಯಿತು, ಈ ಚಳಿಯಲ್ಲೂ. ಅವರು ಓದಿ, ಸಾಕಷ್ಟು ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು. ನಗು ತಡೆದುಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರ ತಾಯಿ ಅವರ ಮೈಕ್ರೋಸ್ಕೋಪಿನ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದ್ದರಂತೆ.

ನಷ್ಟ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಹಿಮದ ಮೊದಲರ್ಧ ಹೋಯಿತು. ಆದರೆ ಗಾಳಿಯ ಬುರುಡೆಗಳನ್ನು ನೀನು ನೋಡಿಯೇ ಇರಲಿಲ್ಲವಾದ್ದರಿಂದ ಅವೆಲ್ಲ ಚೆನ್ನಾಗಿವೆ. ಬೀಗದ ಪೆಟ್ಟಿಗೆ ಮಾರ್ಚ್ ತಿಂಗಳವರೆಗೆ ಸಾಲುತ್ತದೆ. ಹದಿನಾಲ್ಕರಿಂದ ಹೊಸದಾಗಿ ಲೆಕ್ಕ ಶುರುಮಾಡಿದ್ದೇನೆ. ಮುಳ್ಳು ಈಗ ನಾಲ್ಕೋ ಐದೋ ತೋರಿಸುತ್ತದೆ. ಆ ನಾಲ್ಕನ್ನು ನೋಡಿದಾಗ ಆಗುವ ಸಂತೋಷ ನನಗೆ ಮೂವತ್ತನ್ನು ನೋಡಿದಾಗ ಆಗಿರಲಿಲ್ಲ.

ನೀನು ಕೇಳಿದ ಸಾಲು. ಪೆನ್ಸಿಲ್ಲಿನಲ್ಲಿ ಬರೆದಿದ್ದನ್ನು ಅಳಿಸಿದೆ. ಖಾಯಂ ಕಾಗದದ ಮೇಲೆ ಮಾತ್ರ ಪೆನ್ನಿನಲ್ಲೇ ಬರೆಯಬೇಕೆಂದು, ಪೆನ್ನನ್ನು ಕಂಕುಳಲ್ಲಿ ಅರ್ಧ ಗಂಟೆ ಇಟ್ಟುಕೊಂಡು ಬಿಸಿಮಾಡಿ ಬರೆದೆ: ಶ್ರೀ ಚಿಕ್ಕಸ್ವಾಮಿಯವರು ನನಗಿಂತ ಹೆಚ್ಚು ನಂಬಿಕೆಗೆ ಅರ್ಹರು. 'ನನಗಿಂತ' ಎನ್ನುವುದನ್ನು ತೆಗೆಯಿರಿ, ಕಚೇರಿಯವರು ಗೊಂದಲ ಮಾಡಿಕೊಳ್ಳುತ್ತಾರೆ ಎಂದು ಗೋಪಾಲಕೃಷ್ಣ ಅವರು ಹೇಳಿದರು. ತೆಗೆಯಲಿಲ್ಲ. ಅವರು ಹಾಗೆಯೇ ಸಹಿ ಹಾಕಿದರು.

ಚಿಕ್ಕಸ್ವಾಮಿಯವರ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು ಸ್ಟೌ ಪಂಪು ಮಾಡುತ್ತಿದ್ದವರು ತಲೆಯೆತ್ತದೆ, "ಬುಡಿ ಅಮ್ಮಾವ್ರೇ, ನಾಳಿಂದ ಪೆಟ್ಗೆ ನಾನೇ ಒರ್ತೀನಿ, ನಿಮ್ಗೆ ಸೊಂಟ ನೋವದೆ" ಎಂದರು. ಮರುದಿನ ಬೆಳಿಗ್ಗೆ ಬಾವುಟದವರೆಗೂ ಜೊತೆಯಲ್ಲಿ ಬಂದರು. ಅಷ್ಟೇ.

ಅಪ್ಪಾಜಿಗೆ ಎಲ್ಲವನ್ನೂ ಹೇಳಿಬಿಡು. ನೀನು ಜಾನಕಮ್ಮನವರ ಹೆಸರಿನಲ್ಲಿ ಹೇಳಿದ ಸುಳ್ಳು ಹೇಗೂ ಅವರ ಬಾಯಿಂದಲೇ ಹೊರಬೀಳುತ್ತದೆ.

ನಿನ್ನ ಮಗಳು,
ಸರ್ವಮಂಗಳಾ

ತಾ.ಕ.: ಕಾಗದ ಅಂಟಿಸುವ ಮೊದಲು ಒಂದು ಮಾತು ತಲೆಗೆ ಹೊಕ್ಕಿತು. ಪ್ರತಿ ಬಾಟಲಿಯ ಹೊರಗೂ ಮೂರೆಳೆ ಎಳೆದಿದ್ದೆ ಎಂದು ಬರೆದಿದ್ದೀಯ. ನನ್ನ ಕೈಗೆ ಬಂದ ಒಂದು ಬಾಟಲಿಯ ಮೇಲೂ ನಾನು ಗೆರೆ ನೋಡಿಲ್ಲ. ಈಗಷ್ಟೇ ಹೋಗಿ ಚಿಕ್ಕಸ್ವಾಮಿಯವರನ್ನು ಕೇಳಿದೆ. ಮೊದಲ ದಿನ ಪೆಟ್ಟಿಗೆ ತೆರೆದಾಗಲೇ ಅವರು ಕಂಡಿದ್ದರಂತೆ. ನನಗೆ ಗೊತ್ತಾದರೆ ನಿನ್ನ ಮೇಲೆ ರೇಗುತ್ತೇನೆಂದು ಅವತ್ತೇ ಎಲ್ಲ ಬಾಟಲಿಗಳ ಎರಡೂ ಚೀಲ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಇದ್ದ ಹಾಗೆಯೇ ಕಟ್ಟಿಟ್ಟಿದ್ದರಂತೆ. ಒಳಗೂ ವಿಭೂತಿ ಇರಬಹುದೆಂದು, ನಾನು ಅವರ ಜೇಬಿಗೆ ಕೈಹಾಕಿದ ದಿನವೇ ಅವರಿಗೆ ಹೊಳೆಯಿತಂತೆ. ಮತ್ತೆ ಯಾಕೆ ಹೇಳಲಿಲ್ಲ, ನಿಮ್ಮ ಕೆಲಸವೇ ಹೋಗುತ್ತಿತ್ತಲ್ಲ ಎಂದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ತಾಯಿ ಮಡಗಿದ್ ಇಬೂತೀನ ಒರೆಸಿದ್ದೇ ಒಂದ್ ಪಾಪ ಅಮ್ಮಾವ್ರೇ. ಅದ್ರ ಮ್ಯಾಲೆ ಆ ತಾಯಿ ಮ್ಯಾಲೆ ದೂರೂ ಏಳ್ಲಾ?"